ಎರಡನೆಯ ಸದಸ್ಯೆ

ಜನವರಿ ೪

ಚಿರಂಜೀವಿ ಮಗಳಿಗೆ ತಂದೆಯ ಆಶೀರ್ವಾದಗಳು.

ತರುವಾಯ ತಿಳಿಯಪಡಿಸುವುದೇನೆಂದರೆ, ನೀನು ಕಳುಹಿಸಿದ ತಕ್ಕಡಿಯು ನಿನ್ನೆ ಮಧ್ಯಾಹ್ನ ಕೈಸೇರಿತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿದ್ದನ್ನು ಕಂಡು, ತಂದವನಿಂದ ಆ ಬಗ್ಗೆ ಲಿಖಿತ ಹೇಳಿಕೆ ಪಡೆದ ಮೇಲೆಯೇ ಸಹಿ ಹಾಕಿದೆ. "ಏನ್ ಸ್ವಾಮಿ, ತಕ್ಕಡಿಗೂ ಪಂಚನಾಮೆನಾ?" ಎಂದು ನಕ್ಕ. ನಗಲಿ. ಕಚೇರಿಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಒಂದು ಆಯುಷ್ಯವನ್ನೇ ಪರರ ಅರ್ಜಿಗಳನ್ನು ಬರೆಯುವುದರಲ್ಲಿ ಸವೆಸಿದವನ ನಡವಳಿಕೆ ಅಂಥವರಿಗೆ ತಿಳಿಯತಕ್ಕದ್ದಲ್ಲ.

ನಿನ್ನ ಸಂಸ್ಥೆಯವರು ಒಂದೊಂದು ಮನೆಯ ಬಳಕೆಗಾಗಿ ಭೂಮಿಯಿಂದ ಎಷ್ಟನ್ನು ಅಗೆದರು, ಎಷ್ಟನ್ನು ಕಡಿದರು ಎಂಬುದನ್ನು ಒಂದು ವರ್ಷ ಕಾಲ ಅಳೆಯುತ್ತಾರೆಂದೂ, ಒಪ್ಪಿದ ಮನೆಗಳಲ್ಲಿ ಅರ್ಧಕ್ಕರ್ಧ ಆರಂಭಕ್ಕೆ ಮೊದಲೇ ಕೈಕೊಟ್ಟವೆಂದೂ, ಆದ ಕಾರಣ ತಂದೆಯ ಮನೆಯನ್ನೇ ಸೇರಿಸಿಕೊಳ್ಳುವ ಪ್ರಸಂಗ ಒದಗಿತೆಂದೂ ಬರೆದಿರುವೆ. ಕೈಕೊಡುವುದು ನನ್ನ ಜಾಯಮಾನವಲ್ಲ. ನಮೂನೆಗಳನ್ನು ಕಳುಹಿಸು. ಎಲ್ಲ ಅಂಕಣಗಳೂ ತುಂಬಿ ಬರುತ್ತವೆ.

ನಿನ್ನ ಅತ್ತೆಗೆ ವಿಷಯ ತಿಳಿಸಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ನನ್ನೂ ಅದರ ಮೇಲೆ ನಿಲ್ಲಿಸ್ತೀಯೇನಣ್ಣ? ನಿಲ್ಲಿಸು, ಇಷ್ಟು ದಿನ ಯಾರೂ ನನ್ನ ತೂಕ ಕೇಳಿಲ್ಲ" ಎಂದಳು. ನನ್ನ ತಂಗಿಗೆ ಗಾಂಭೀರ್ಯವೆಂಬುದು ಈ ವಯಸ್ಸಿನಲ್ಲೂ ಬರಲಿಲ್ಲ.

ಮಾಳಿಗೆಯ ಮೇಲಿನ ಎರಡು ಕೋಣೆಗಳ ಕೆಲಸ ಮುಗಿದು, ಬೀಗ ಹಾಕಿಟ್ಟಿರುವೆ. ಅಲ್ಲಿ ಇರುವವರಾರೂ ಇಲ್ಲ. ಆದರೂ ರಸ್ತೆಯಿಂದ ನೋಡಿದವರು ಇನ್ನು ಮುಂದೆ ಇದನ್ನು ಅರ್ಜಿ ಬರೆಯುವವನ ಮನೆಯೆಂದು ಹೇಳಲಾರರು.

ಒಂದು ವಿಚಾರಣೆ: ಎಲ್ಲಕ್ಕಿಂತ ಕಡಿಮೆ ಬಳಸಿದ ಮನೆ ಯಾವುದೆಂದು ವರದಿಯಲ್ಲಿ ನಮೂದಿಸುವರೋ?

ಇತಿ ನಿನ್ನ ಹಿತಚಿಂತಕನಾದ ತಂದೆ


ಜನವರಿ ೧೯

ಅಪ್ಪನಿಗೆ ನಮಸ್ಕಾರಗಳು.

ನೀವು ಒಪ್ಪಿದ್ದು ತಿಳಿದು ನಮ್ಮ ಮುಖ್ಯಸ್ಥರು ನನ್ನ ಮೇಜಿನ ತನಕ ಬಂದು ಕೈಕುಲುಕಿದರು.

ನಮೂನೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ತಕ್ಕಡಿ ತೋರಿಸುವ ತೂಕ ನಮಗೆ ಬೇಕಾದದ್ದರಲ್ಲಿ ತೀರ ಚಿಕ್ಕ ಭಾಗ. ಒಂದು ಚಮಚದ ಹಿಂದೆ ಗಣಿಯಲ್ಲಿ ಅಗೆದ ಅದಿರಿದೆ, ಅದನ್ನು ಕರಗಿಸಲು ಉರಿಸಿದ ಕಲ್ಲಿದ್ದಲಿದೆ. ಚಮಚ ಅಂಗೈಯಲ್ಲಿ ಹಿಡಿಸುತ್ತದೆ, ಅದಕ್ಕಾಗಿ ಅಗೆದ ಗುಡ್ಡ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನಾವು ಇಲ್ಲಿ ಬೆನ್ನ ಹಿಂದಿನ ತೂಕ ಅನ್ನುತ್ತೇವೆ. ಮನೆಯೊಳಗೆ ಬಂದ ವಸ್ತು ಯಾವುದು, ಎಷ್ಟು ತೂಗುತ್ತದೆ, ಯಾರ ಬಳಕೆಗೆ ಎಂದು ನೀವು ಬರೆದು ಕಳಿಸಿದರೆ ಸಾಕು. ಯಾವುದನ್ನು ಎಷ್ಟರಿಂದ ಗುಣಿಸುತ್ತೇವೆಂಬ ಪಟ್ಟಿಯನ್ನೂ ನಿಮ್ಮ ಕುತೂಹಲಕ್ಕೆಂದು ಇಟ್ಟಿದ್ದೇನೆ.

ಒಬ್ಬರೇ ಬಳಸುವುದು ಅವರವರ ಪಾಲಿಗೆ. ಇಬ್ಬರೂ ಬಳಸುವುದು ಸಾಮಾನ್ಯ ಖಾತೆಗೆ. ಮನೆಯ ಕಲ್ಲು, ಸಿಮೆಂಟು, ಕಬ್ಬಿಣವೂ ಸಾಮಾನ್ಯ ಖಾತೆಯೇ: ಕಟ್ಟಡ ಬಾಳುವಷ್ಟು ವರ್ಷಗಳಿಗೆ ಅದನ್ನು ಹಂಚಿ, ಒಂದು ವರ್ಷದ ಪಾಲನ್ನು ಮನೆಯಲ್ಲಿರುವ ತಲೆಗಳಿಂದ ಭಾಗಿಸುತ್ತೇವೆ. ಹೆಸರು ಬರೆಯುವ ಪದ್ಧತಿ ಇಲ್ಲ. ನೀವು ಮೊದಲನೆಯ ಸದಸ್ಯರು, ಅತ್ತೆ ಎರಡನೆಯ ಸದಸ್ಯೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು. ತಲೆಗೆ ಬೀಳುವ ತೂಕ ಎಲ್ಲಕ್ಕಿಂತ ಕಡಿಮೆ ಇರುವ ಮನೆಯ ಚಿತ್ರ ವರದಿಯ ಮೊದಲ ಪುಟದಲ್ಲಿ ಬರುತ್ತದೆ, ಸದಸ್ಯರೆಲ್ಲ ಬಾಗಿಲಲ್ಲಿ ನಿಂತಿರುವ ಹಾಗೆ. ಅದು ನಿಮ್ಮದೇ ಆದರೆ ಇಲ್ಲಿ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತೇನೆ.

ಅತ್ತೆಗೆ ಹೇಳಿ, ಹೆದರಬೇಡ ಅಂತ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪೆಡಲು ತುಳಿದವಳು ಅವಳು. ತೂಕದ ವಿಷಯ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ನಿಮ್ಮ ಮಗಳು


ಮಾರ್ಚ್ ೨೭

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಮೊದಲ ತ್ರೈಮಾಸಿಕದ ನಮೂನೆಗಳನ್ನು ಲಗತ್ತಿಸಿರುವೆ. ಒಂದು ಕಡೆಯೂ ಹೊಡೆದು ತಿದ್ದಿದ ಗುರುತಿಲ್ಲವೆಂಬುದನ್ನು ಗಮನಿಸು.

ತಕ್ಕಡಿಯನ್ನು ಮುಂಬಾಗಿಲ ಒಳಗೆ ಮುಕ್ಕಾಲಿಯ ಮೇಲೆ ಸ್ಥಾಪಿಸಿರುವೆ. ತೂಗದ ಹೊರತು ಯಾವುದೂ ಹೊಸ್ತಿಲು ದಾಟುವಂತಿಲ್ಲ. ಹಾಲಿನವನು, "ನನ್ ಮೇಲೆ ಅನುಮಾನವಾ ಯಜಮಾನ್ರೇ?" ಎಂದು ಮುಖ ಗಂಟಿಕ್ಕಿದ. ಅನುಮಾನ ಅವನ ಮೇಲಲ್ಲ, ಹಾಲಿನ ಬೆನ್ನ ಹಿಂದಿನ ಮೇವಿನ ಮೇಲೆ ಎಂದು ವಿವರಿಸಿದೆ. ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಾಲರು ಹರಿದ ಅಂಗಿಯನ್ನು ತಿರುಗಿಸಿ ಹೊಲಿಸಿಕೊಂಡು ತೊಡುತ್ತಿರುವೆ. ಸೋಪಿನ ಚೂರುಗಳನ್ನು ಒತ್ತಿ ಮತ್ತೊಂದು ಸೋಪು ಮಾಡಿಕೊಂಡಿರುವೆ.

ಆದರೆ ಎರಡನೆಯ ಸದಸ್ಯೆಯ ಅಂಕಣವು ನನ್ನನ್ನು ದಿಗ್ಭ್ರಮೆಗೊಳಿಸಿದೆ. ಆಕೆಯ ಹೆಸರಿಗೆ ವಾರ ವಾರವೂ ಬಟ್ಟೆಯ ತಾನುಗಳು ಬರುತ್ತವೆ. ನಿನ್ನ ಪಟ್ಟಿಯಂತೆ ಗುಣಿಸಿ ನೋಡಲಾಗಿ, ನನಗಿಂತ ಆಕೆಯ ತೂಕ ನಾಲ್ಕು ಪಟ್ಟು ಮೀರಿದೆ. ಈ ಬಗ್ಗೆ ನಮ್ಮಲ್ಲಿ ನಡೆದ ಸಂಭಾಷಣೆಯನ್ನು ಯಥಾವತ್ತಾಗಿ ನಮೂದಿಸುತ್ತೇನೆ.

"ಇದು ನಂದಲ್ಲಣ್ಣ, ಶಾಲೆ ಮಕ್ಕಳ ಯೂನಿಫಾರ್ಮು. ಹೊಲಿದು ಕೊಟ್ಟುಬಿಡ್ತೀನಿ."

"ಹೊಸ್ತಿಲು ದಾಟಿ ಒಳಗೆ ಬಂತೋ ಇಲ್ಲವೋ?"

"ಬಂತು. ಮತ್ತೆ ಹೊರಗೂ ಹೋಗುತ್ತಲ್ಲ."

"ಹೊರಗೆ ಹೋದದ್ದನ್ನು ಬರೆಯಲು ನಮೂನೆಯಲ್ಲಿ ಅಂಕಣವಿಲ್ಲ."

"ಇಲ್ದಿದ್ರೆ ಒಂದು ಗೆರೆ ಎಳ್ಕೋ. ನಿನ್ನ ಹತ್ರ ರೂಲು ದೊಣ್ಣೆ ಇಲ್ವಾ?"

ನಿಗದಿತ ನಮೂನೆಗೆ ಅರ್ಜಿದಾರನು ತಾನಾಗಿ ಅಂಕಣ ಸೇರಿಸಿದರೆ ಅರ್ಜಿಯೇ ತಿರಸ್ಕೃತವಾಗುತ್ತದೆ ಎಂಬುದನ್ನು ಪ್ರಾಯದಲ್ಲಿ ನಕಲು ಬರೆಯುವಾಗಲೇ ಕಲಿತವನು ನಾನು. ಗೆರೆ ಎಳೆಯಲಿಲ್ಲ. ಸದರಿ ಬಟ್ಟೆ ಆಕೆಯ ಪಾಲಿಗೆ ಸೇರುವುದೋ ಇಲ್ಲವೋ ಎಂಬುದನ್ನು ಕೂಡಲೇ ತಿಳಿಸು. ಉತ್ತರ ಬಾರದಿದ್ದಲ್ಲಿ, ಸೇರುವುದೆಂದೇ ಭಾವಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಇತಿ ನಿನ್ನ ತಂದೆ


ಜೂನ್ ೨

ಅಪ್ಪನಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಮಧ್ಯಂತರ ವರದಿಯ ಗಡಿಬಿಡಿಯಲ್ಲಿ ನಿಮ್ಮ ಕಾಗದ ಕಡತಗಳ ಅಡಿಗೆ ಬಿದ್ದುಹೋಗಿತ್ತು. ನಿಮ್ಮ ನಮೂನೆಗಳನ್ನು ಮುಖ್ಯಸ್ಥರು ಎಲ್ಲರ ಮುಂದೆ ಎತ್ತಿ ತೋರಿಸಿದರು.

ಬಟ್ಟೆಯ ವಿಚಾರ: ಹೊಲಿದು ಹೊರಗೆ ಹೋಗುವ ಬಟ್ಟೆ ಅತ್ತೆಯದಲ್ಲ. ಯಾರು ತೊಡುತ್ತಾರೋ ಅವರ ಪಾಲಿನದು. ಕೊನೆಯಲ್ಲಿ ಯಾರು ಬಳಸುತ್ತಾರೆ ಎಂಬುದೇ ನಮ್ಮ ಇಡೀ ವಿಧಾನದ ಬೇರು. ನಿಮ್ಮ ಲೆಕ್ಕದಲ್ಲಿ ಅವಳಿಗೆ ಉಳಿಯುವುದು ಚಿಂದಿ ಮಾತ್ರ. ಹೊರಹೋಗುವ ಅಂಕಣ ಇಡದಿದ್ದದ್ದು ನಮ್ಮ ನಮೂನೆಯ ದೋಷ, ಹೊಸದನ್ನು ಕಳಿಸಿದ್ದೇನೆ.

ನೀವು ಬರೆದ "ಸೂಕ್ತ ಕ್ರಮ" ಏನೆಂದು ನನಗೆ ತಿಳಿಯಲಿಲ್ಲ. ದಯವಿಟ್ಟು ಯಾವ ಕ್ರಮವೂ ಬೇಡ. ಅಳತೆಯ ವರ್ಷದ ನಡುವೆ ಎರಡನೆಯ ಸದಸ್ಯೆಯ ಬಳಕೆಯಲ್ಲಿ ಏರುಪೇರಾಗಕೂಡದು. ಹಾಗಾದರೆ ಇಡೀ ವರ್ಷದ ಅಂಕಿ ಕೆಡುತ್ತದೆ.

ನಿಮ್ಮ ಮಗಳು


ಆಗಸ್ಟ್ ೧೨

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಜೂನ್ ತಿಂಗಳ ಪತ್ರ ತಲುಪಿತು. ಅದು ತಲುಪುವ ಮೊದಲೇ ಹೊಲಿಗೆ ಯಂತ್ರವನ್ನು ಗುಜರಿಯವನಿಗೆ ಒಪ್ಪಿಸಿಯಾಗಿತ್ತು. ಯಂತ್ರವಾಗಿಯೇ ಮಾರಿದರೆ ಮತ್ತೊಬ್ಬರ ಮನೆಯಲ್ಲಿ ಅದೇ ತೂಕ ಕುಳಿತಿರುತ್ತದೆ. ಕಬ್ಬಿಣವಾಗಿ ಕರಗಿದರೆ ಅಷ್ಟು ಅದಿರು ಭೂಮಿಯಲ್ಲಿ ಉಳಿಯುತ್ತದೆ. ಆದ್ದರಿಂದ ಚಕ್ರವನ್ನೂ ಪೆಡಲನ್ನೂ ನನ್ನ ಸಮಕ್ಷಮ ಒಡೆಸಿದೆ.

ಮೇಲ್ಕಂಡ ಕ್ರಮದ ತರುವಾಯ ಎರಡನೆಯ ಸದಸ್ಯೆಯು ಎರಡು ತಿಂಗಳು ಸುಮ್ಮನೆ ಕುಳಿತು ಊಟ ಮಾಡಿದಳು. ದುಡಿಮೆಯಿಲ್ಲದ ಬಳಕೆಯ ಕುರಿತು ನಾನು ಆಡಿದ ಒಂದು ಮಾತಿಗೆ ಮುನಿದು, ಮೊನ್ನೆ ಬೆಳಗ್ಗೆ ಟೈಲರ್ ಅಂಗಡಿಗೆ ಹೊರಟುಹೋದಳು. ತಡೆಯಲಿಲ್ಲ. ಆಕೆ ಒಯ್ದ ಟ್ರಂಕನ್ನು ತೂಗಿ, ಹೊಸ ನಮೂನೆಯ ಹೊರಹೋಗುವ ಅಂಕಣದಲ್ಲಿ ದಾಖಲಿಸಲಾಗಿದೆ. ಅಂಕಣ ಉಪಯೋಗಕ್ಕೆ ಬಂತು.

ಇನ್ನು ನಮ್ಮ ಮನೆಯ ಅಂಕಿ ಗಣನೀಯವಾಗಿ ಇಳಿಯುವುದರಲ್ಲಿ ಸಂದೇಹವಿಲ್ಲ. ಮುಂಬಾಗಿಲಿಗೆ ಬಣ್ಣ ಹೊಡೆಸಬೇಕೆಂದಿದ್ದೆ. ಚಿತ್ರ ತೆಗೆಯುವವರು ಬರುವವರೆಗೆ ಬಣ್ಣದ ತೂಕ ಏಕೆಂದು ಕೈಬಿಟ್ಟೆ.

ಇತಿ ನಿನ್ನ ತಂದೆ


ಆಗಸ್ಟ್ ೨೯

ಗುಬ್ಬೀ,

ನಾನು ಟೈಲರ್ ಅಂಗಡಿ ಹಿಂದಿನ ಕೋಣೇಲಿದೀನಿ ಕಣೇ. ನಿನ್ನ ಮೊದಲ್ನೇ ಸ್ಕೂಲ್ ಫ್ರಾಕಿಗೆ ಕಾಜಾ ಮಾಡಿಕೊಟ್ಟಿದ್ನಲ್ಲ, ಅದೇ ಮುದುಕ. ಈಗ ಅವನ ಕಣ್ಣು ಹೋಗಿದೆ, ನನ್ನ ಕೈ ಇದೆ. ಇಬ್ಬರೂ ಸೇರಿ ಒಂದು ಟೈಲರ್ ಆಗಿದೀವಿ. ಅವನ ಹೆಂಡತಿ ಹೊಟ್ಟೆಗೆ ಹಾಕ್ತಾಳೆ. ಗೋಡೆ ಸ್ವಲ್ಪ ಒದ್ದೆ, ಬಟ್ಟೆ ಗಂಟಿನ ಮೇಲೆ ಮಲಗ್ತೀನಿ. ಮೆತ್ತಗಿದೆ, ರಾಣಿ ಹಾಗೆ.

ಮಿಷನ್ ಹೋದ ದಿನ ನಿಂಗೆ ಹೇಳ್ಬೇಕು. ಗುಜರಿಯವನು ಚಕ್ರ ತಿರುಗಿಸಿ ನೋಡಿ, "ಅಮ್ಮಾ, ಬೆಣ್ಣೆ ಹಾಗೆ ಓಡ್ತಿದೆ, ಯಾಕೆ ಕೊಡ್ತೀರಿ?" ಅಂದ. ನಾನೇನ್ ಹೇಳ್ಲಿ? ಯಜಮಾನರನ್ನ ಕೇಳಪ್ಪ ಅಂದೆ. ಅಣ್ಣ ಸುತ್ತಿಗೆ ತಂದುಕೊಟ್ಟ. ಪಾಪ, ಆ ಹುಡುಗನಿಗೇ ಕೈ ಬರ್ಲಿಲ್ಲ. ಮೂರು ಏಟಿಗೂ ಮುರೀಲಿಲ್ಲ ನೋಡು. ಹಳೇ ಕಬ್ಬಿಣ. ನಾಲ್ಕನೇದು ಅಣ್ಣನೇ ಹೊಡೆದ.

ಆಮೇಲೆ ನಿನ್ನ ಕಾಗದ ಬಂತು. ಅಣ್ಣ ಗಟ್ಟಿಯಾಗಿ ಓದಿದ. ನನ್ನ ಗುಬ್ಬಿ ನನ್ನ ಪರ ಏನಾದ್ರೂ ಬರೆದಿರ್ತಾಳೆ ಅಂತ ಅಡಿಗೆಮನೆ ಬಾಗಿಲಲ್ಲಿ ಸೌಟು ಹಿಡ್ಕೊಂಡೇ ನಿಂತೆ. "ಎರಡನೆಯ ಸದಸ್ಯೆಯ ಬಳಕೆಯಲ್ಲಿ ಏರುಪೇರಾಗಕೂಡದು" ಅಂತಿತ್ತು. ಯಾರಿದು ಅಂತ ಒಂದು ಗಳಿಗೆ ಯೋಚಿಸ್ದೆ. ಎಷ್ಟು ಚೆನ್ನಾಗಿ ಬರೀತೀಯ ಗುಬ್ಬಿ, ಥೇಟ್ ನಿಮ್ಮಪ್ಪನ ಹಾಗೆ.

ಹೊರಡೋ ದಿನ ಟ್ರಂಕ್ ತೂಕ ಮಾಡ್ದ. ನಗಿಸೋಣ ಅಂತ ನಾನೂ ತಕ್ಕಡಿ ಮೇಲೆ ಒಂದು ಕಾಲಿಟ್ಟೆ. "ಇಳಿ, ಮನುಷ್ಯರಿಗೆ ಅಂಕಣವಿಲ್ಲ" ಅಂದ. ಇಳಿದೆ.

ನಿಂಗೆ ಕೋಪ ಬರಿಸೋಕೆ ಬರೀತಿಲ್ಲ. ಅವನು ಮೊದ್ಲಿಂದ್ಲೂ ಹಾಗೇ, ಯಾರು ಏನು ಕೊಟ್ರೂ ಅದ್ರಲ್ಲಿ ಮೊದಲ್ನೇ ನಂಬರ್ ಬರ್ಬೇಕು ಅವನಿಗೆ. ಅವನ ಕೈಗೆ ತಕ್ಕಡಿ ಕೊಟ್ಟೋಳು ನೀನು, ಅಷ್ಟೆ. ಒಂದ್ಸಲ ಬಂದು ಹೋಗು. ರಜ ಸಿಗದಿದ್ರೆ ಎರಡು ಸಾಲು ಬರಿ.

ನಿನ್ನ ಅತ್ತೆ


ಸೆಪ್ಟೆಂಬರ್ ೩೦

ಅಪ್ಪನಿಗೆ,

ಅತ್ತೆಯ ಕಾಗದ ಬಂದು ತಿಂಗಳಾಯಿತು. ಅವಳಿಗೆ ಏನು ಬರೆಯಬೇಕೆಂದು ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಬೇರೆ ಯಾವ ಮಾತೂ ನಿಮ್ಮನ್ನು ಮುಟ್ಟುವುದಿಲ್ಲವಾದ್ದರಿಂದ ಅಂಕಿಯಲ್ಲೇ ಹೇಳುತ್ತೇನೆ. ಜೂನ್ ಕೊನೆಗೆ ನಿಮ್ಮ ಮನೆ ತಲೆಗೆ ಐದು ಟನ್ನಿನ ದರದಲ್ಲಿತ್ತು; ಎಲ್ಲ ಮನೆಗಳಿಗಿಂತ ಕಡಿಮೆ. ಈಗ ಒಂಬತ್ತು ದಾಟಿದೆ. ನೀವು ಉಳಿಸಿದ ಸೋಪಿನ ಚೂರು, ತಿರುಗಿಸಿ ಹೊಲಿಸಿದ ಕಾಲರು ಇದರಲ್ಲಿ ಕಾಣುವುದೂ ಇಲ್ಲ. ಭಾರ ಇರುವುದು ಮನೆಯದು: ಕಲ್ಲು, ಸಿಮೆಂಟು, ಬೀಗ ಹಾಕಿಟ್ಟ ಆ ಎರಡು ಕೋಣೆ. ಅದನ್ನು ಎರಡು ತಲೆಗೆ ಹಂಚುತ್ತಿದ್ದೆವು. ಅದರ ಅರ್ಧವನ್ನು ಇಷ್ಟು ದಿನ ಹೊತ್ತವಳು ಅತ್ತೆ. ಈಗ ಹಂಚಲು ನೀವೊಬ್ಬರೇ ಇದ್ದೀರಿ.

ಅವಳನ್ನು ಕರೆದುಕೊಂಡು ಬನ್ನಿ. ಅವಳು ಬಂದರೆ ಅಂಕಿ ಮತ್ತೆ ಐದಕ್ಕೆ ಇಳಿಯುತ್ತದೆ. ಅವಳನ್ನು ಕರೆತರಲು ಇಂಥ ಕಾರಣ ನಿಮಗೆ ಬೇಕಾಗಬಾರದಿತ್ತು.

ನಿಮ್ಮ ಮಗಳು


ಅಕ್ಟೋಬರ್ ೧೦

ನನ್ನ ತಂಗಿಗೆ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಏರಿರುವ ಮನೆಯ ತಲಾ ತೂಕವನ್ನು ಮತ್ತೆ ಇಳಿಸುವಲ್ಲಿ ನಿನ್ನ ಉಪಸ್ಥಿತಿಯು ಅವಶ್ಯವೆಂದು ಸಂಬಂಧಪಟ್ಟ ಅಧಿಕಾರಿಯಿಂದ ಸೂಚನೆ ಬಂದಿದೆ. ಆದ ಕಾರಣ, ಈ ಪತ್ರ ತಲುಪಿದ ಕೂಡಲೇ ಎರಡನೆಯ ಸದಸ್ಯೆಯ ಸ್ಥಾನಕ್ಕೆ ಹಿಂದಿರುಗತಕ್ಕದ್ದು.

ಬರುವಾಗ ಬಟ್ಟೆಯ ತಾನು, ಚಿಂದಿ, ದಾರದ ಉಂಡೆ ಮುಂತಾದ ಯಾವ ವಸ್ತುವನ್ನೂ ತರತಕ್ಕದ್ದಲ್ಲ. ಹೊಲಿಗೆಯ ಮಾತೆತ್ತತಕ್ಕದ್ದಲ್ಲ. ಊಟವು ಸಾಮಾನ್ಯ ಖಾತೆಯಿಂದ ದೊರೆಯುವುದು. ನಿನ್ನ ಹಳೆಯ ಕೋಣೆಯಲ್ಲಿ ಈಗ ನಮೂನೆಗಳನ್ನು ಜೋಡಿಸಿರುವುದರಿಂದ ನಡುಮನೆಯಲ್ಲಿ ಮಲಗಬಹುದು. ಮಾಳಿಗೆಯ ಕೋಣೆಗಳ ಬೀಗ ತೆಗೆಯುವ ಪ್ರಶ್ನೆ ಉದ್ಭವಿಸದು.

ಡಿಸೆಂಬರ್ ಮೂವತ್ತೊಂದರ ನಂತರದ ವಿಷಯವನ್ನು ಆಗ ಪರಿಶೀಲಿಸಲಾಗುವುದು.

ನಿನ್ನ ಅಣ್ಣ


ಅಕ್ಟೋಬರ್ ೨೪

ಅಣ್ಣ,

ನಿನ್ನ ಕಾಗದಾನ ಟೈಲರ್ ಹೆಂಡತಿ ಗಟ್ಟಿಯಾಗಿ ಓದಿದ್ಲು. "ಅಕ್ಕಾ, ಇದು ನಿಮ್ಮಣ್ಣ ಬರೆದಿದ್ದಾ, ಕೋರ್ಟಿಂದ ಬಂದಿದ್ದಾ?" ಅಂದ್ಲು. ನಗೋಕೆ ಹೋಗಿ ಕೆಮ್ಮು ಹತ್ತಿ ಕಾಲು ಗಂಟೆ ನಿಲ್ಲಲಿಲ್ಲ.

ನಾನು ಬರಲ್ಲ. ಮನೇಲಿದ್ದಾಗ ಭಾರ ಆಗಿದ್ದೆ, ಹೋದ್ಮೇಲೆ ನೀನು ಭಾರ ಆದೆ. ನಂಗೆ ಈ ಲೆಕ್ಕ ತಿಳಿಯಲ್ಲಪ್ಪ. ಇಲ್ಲಿ ಯಾರೂ ನನ್ನ ಲೆಕ್ಕಕ್ಕೆ ಹಿಡಿದಿಲ್ಲ, ಹಾಯಾಗಿದೀನಿ.

ಒಂದು ಕಂಬಳಿ ಬಿಟ್ಟು ಬಂದಿದೀನಿ, ಬೂದು ಬಣ್ಣದ್ದು, ನಡುಮನೆ ಬೀರುವಿನ ಮೇಲಿದೆ. ಅದನ್ನ ಕಳಿಸಿಕೊಡು. ಒದ್ದೆ ಗೋಡೆಗೆ ಬೆನ್ನು ಹಿಡ್ಕೊಂಡಿದೆ. ಬೇಕಿದ್ರೆ ತೂಕ ಮಾಡ್ಕೊಂಡೇ ಕಳಿಸು.

ಗುಬ್ಬಿ ಕಾಗದ ಬರ್ಲಿಲ್ಲ. ನಿಂಗೇನಾದ್ರೂ ಬಂದ್ರೆ, ಹುಷಾರಾಗಿದಾಳಾ ಅಂತ ಹೇಳಿ ಕಳಿಸು.

ನಿನ್ನ ತಂಗಿ


ಡಿಸೆಂಬರ್ ೩

ಮಾನ್ಯ ಸಮೀಕ್ಷಾಧಿಕಾರಿಯವರ ಸನ್ನಿಧಿಗೆ,

ಮೊದಲನೆಯ ಸದಸ್ಯನು ವಿನಯಪೂರ್ವಕ ಸಲ್ಲಿಸುವ ಅರ್ಜಿ.

ತಾವು ನನ್ನ ಪತ್ರಗಳಿಗೆ ಮಗಳಾಗಿ ಉತ್ತರಿಸುವುದನ್ನು ನಿಲ್ಲಿಸಿರುವ ಕಾರಣ, ಅಧಿಕಾರಿಯಾಗಿಯಾದರೂ ಉತ್ತರಿಸುವಿರೆಂಬ ಭರವಸೆಯಿಂದ ಈ ಕೆಳಗಿನಂತೆ ಅರಿಕೆ ಮಾಡಿಕೊಳ್ಳುತ್ತೇನೆ.

ಎರಡನೆಯ ಸದಸ್ಯೆಯು ಕಳೆದ ತಿಂಗಳು ಟೈಲರ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಎದೆಗೆ ಶೀತ ಹಿಡಿದು ಮೃತಳಾದ ವಿಷಯ ತಮಗೆ ತಿಳಿದೇ ಇದೆ. ತಾವು ಮಣ್ಣಿಗೆ ಬಂದಿದ್ದಿರಿ. ನನ್ನನ್ನು ಕಂಡೂ ಕಾಣದಂತೆ ಹಿಂದಿರುಗಿದಿರಿ. ಅಲ್ಲಿ ಟೈಲರನ ಹೆಂಡತಿಯು ಜನರ ಮುಂದೆ, "ಒಂದು ಕಂಬಳಿ ಕಳಿಸೋಕಾಗ್ಲಿಲ್ವೇನ್ರೀ ನಿಮಗೆ?" ಎಂದು ಕೂಗಾಡಿದ್ದಕ್ಕೆ ಇಲ್ಲಿ ಸಮಜಾಯಿಷಿ ನೀಡಬಯಸುತ್ತೇನೆ. ಸದರಿ ಕಂಬಳಿಯು ವರ್ಷಾರಂಭದಲ್ಲೇ ಸಾಮಾನ್ಯ ಖಾತೆಗೆ ದಾಖಲಾಗಿತ್ತು. ಸಾಮಾನ್ಯ ಖಾತೆಯ ವಸ್ತುವನ್ನು ಮನೆ ಬಿಟ್ಟುಹೋದವರಿಗೆ ವರ್ಗಾಯಿಸುವ ಬಗ್ಗೆ ತಮ್ಮ ನಮೂನೆಯಲ್ಲಿ ನಿರ್ದೇಶನವಿರಲಿಲ್ಲ. ನಿರ್ದೇಶನ ಕೋರಿ ತಮಗೆ ಎರಡು ಪತ್ರ ಬರೆದಿದ್ದೆ. ಉತ್ತರ ಬರಲಿಲ್ಲ.

ಅಂತ್ಯಕ್ರಿಯೆಗೆ ತಗುಲಿದ ವಸ್ತುಗಳನ್ನು ಟೈಲರನೇ ಒದಗಿಸಿದ್ದರಿಂದ ಅವು ಅವನ ಮನೆಯ ಪಾಲಿಗೆ ಸೇರತಕ್ಕವು ಎಂಬುದನ್ನೂ ದಾಖಲಿಸಿಕೊಳ್ಳಬೇಕು.

ಈ ಸಂದರ್ಭದಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಎರಡನೆಯ ಸದಸ್ಯೆಯು ಅಳತೆಯ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ನನ್ನ ಮನೆಯಲ್ಲೇ ವಾಸವಾಗಿದ್ದಳು. ಆದ್ದರಿಂದ ವರ್ಷಾಂತ್ಯದವರೆಗೂ ಆಕೆಯನ್ನು ಸದಸ್ಯೆಯೆಂದೇ ಎಣಿಸಬೇಕು. ಆಕೆ ಇನ್ನು ಏನನ್ನೂ ಬಳಸುವ ಸಂಭವವಿಲ್ಲವಾದ್ದರಿಂದ ಇದರಿಂದ ಯಾವ ಖಾತೆಗೂ ಹೊರೆಯಾಗದು.

ಇದು ಸಾಧ್ಯವಿಲ್ಲವೆಂದಾದ ಪಕ್ಷದಲ್ಲಿ, ಪರ್ಯಾಯವಾಗಿ, ತಾವೇ ಈ ಮನೆಗೆ ಬಂದು ಸದರಿ ಸ್ಥಾನದಲ್ಲಿ ಇರಬೇಕೆಂದು ಬೇಡುತ್ತೇನೆ. ಮಾಳಿಗೆಯ ಕೋಣೆಯ ಬೀಗ ತೆಗೆಸುತ್ತೇನೆ. ಹಾಲಿನವನೂ ಬರುವುದನ್ನು ನಿಲ್ಲಿಸಿದ್ದಾನೆ. ತೂಗಲು ದಿನಕ್ಕೆ ಒಂದು ವಸ್ತುವೂ ಒಳಗೆ ಬರುತ್ತಿಲ್ಲ. ಮನೆ ದೊಡ್ಡದಾಯಿತು.

ಇಂತೀ ತಮ್ಮ ವಿಧೇಯ,
ಮೊದಲನೆಯ ಸದಸ್ಯ


ಡಿಸೆಂಬರ್ ೧೯

ಮೊದಲನೆಯ ಸದಸ್ಯರಿಗೆ,

ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದವರನ್ನು ವರ್ಷಪೂರ್ತಿ ಸದಸ್ಯರೆಂದು ಎಣಿಸುವ ಅಧಿಕಾರ ಸಮೀಕ್ಷಾಧಿಕಾರಿಗೆ ಇದೆ. ಅದನ್ನು ಬಳಸಿ ನಿಮ್ಮ ಮೊದಲ ಪ್ರಾರ್ಥನೆಯನ್ನು ಮಂಜೂರು ಮಾಡಿದ್ದೇನೆ. ಎರಡನೆಯ ಸದಸ್ಯೆ ನಿಮ್ಮ ಮನೆಯಲ್ಲೇ ಇದ್ದಾರೆ. ಆ ಸ್ಥಾನ ಖಾಲಿ ಇಲ್ಲದಿರುವುದರಿಂದ ನಿಮ್ಮ ಪರ್ಯಾಯ ಪ್ರಾರ್ಥನೆ ಉಳಿಯುವುದಿಲ್ಲ.

ಕಂಬಳಿಯನ್ನು ಸಾಮಾನ್ಯ ಖಾತೆಯಿಂದ ತೆಗೆದು ಎರಡನೆಯ ಸದಸ್ಯೆಯ ಪಾಲಿಗೆ ಬರೆದಿದ್ದೇನೆ. ನಿಮ್ಮ ಎರಡು ಪತ್ರಗಳೂ ನನ್ನ ಮೇಜಿನ ಮೇಲೆಯೇ ಇದ್ದವು. ಒಡೆದಿರಲಿಲ್ಲ.

ನಿಮ್ಮ ಮನೆಯ ತಲಾ ತೂಕ ಎಲ್ಲಕ್ಕಿಂತ ಕಡಿಮೆ ಬಂದಿದೆ. ಮೊದಲ ಪುಟಕ್ಕೆ ಚಿತ್ರ ತೆಗೆಯುವವರು ಜನವರಿ ಎರಡರ ಬೆಳಗ್ಗೆ ಬರುತ್ತಾರೆ. ಎಲ್ಲ ಸದಸ್ಯರೂ ಬಾಗಿಲಲ್ಲಿ ನಿಂತಿರಬೇಕು. ಒಬ್ಬರು ಕಡಿಮೆಯಾದರೂ ಚಿತ್ರ ತೆಗೆಯದೆ ಹಿಂದಿರುಗುವಂತೆ ಅವರಿಗೆ ತಿಳಿಸಲಾಗಿದೆ.

ಎರಡನೆಯ ಸದಸ್ಯೆಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬೆಳಗ್ಗೆ ಚಳಿ ಇರುತ್ತದೆ. ಅವರಿಗೆ ಕಂಬಳಿ ಹೊದಿಸಿ.

ಸಮೀಕ್ಷಾಧಿಕಾರಿ